ಯುವಕ ಸಂಘಗಳು, ಊರಿನ ಕೆರೆ ಮತ್ತು ವರ್ತಕರ ವಂತಿಗೆ: ಒಂದು ಲೆಕ್ಕಾಚಾರ

ಅಂಗಡಿ ಬೀದಿಗಳಲ್ಲಿ ವರ್ಷದ ಕೆಲವು ತಿಂಗಳುಗಳು ವಂತಿಗೆಯ ತಿಂಗಳುಗಳೆಂದೇ ಹೆಸರಾಗಿವೆ. ಗಣೇಶೋತ್ಸವ, ರಾಜ್ಯೋತ್ಸವ, ಕಬಡ್ಡಿ ಪಂದ್ಯಾವಳಿ, ಸಂಘದ ವಾರ್ಷಿಕೋತ್ಸವ ಹೀಗೆ ಒಂದಲ್ಲ ಒಂದು ಕಾರಣಕ್ಕೆ ಬಡಾವಣೆಯ ಯುವಕರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ವರ್ತಕರು ಗಲ್ಲಾಪೆಟ್ಟಿಗೆಯಿಂದ ಐನೂರೋ ಸಾವಿರವೋ ತೆಗೆದುಕೊಟ್ಟು ಅವರನ್ನು ಸಾಗಹಾಕುತ್ತಾರೆ. ಕೊಟ್ಟ ಹಣ ಏನಾಯಿತೆಂದು ಕೊಟ್ಟವರು ಕೇಳುವುದಿಲ್ಲ, ಪಡೆದವರು ಹೇಳುವುದಿಲ್ಲ. ವರ್ಷಾಂತ್ಯದಲ್ಲಿ ಲೆಕ್ಕಪತ್ರ ಸಿದ್ಧಪಡಿಸುವಾಗ ಈ ಮೊತ್ತವು 'ಇತರೆ ಖರ್ಚು' ಎಂಬ ಶೀರ್ಷಿಕೆಯಡಿ ಸೇರಿ, ತೆರಿಗೆ ಲೆಕ್ಕದಲ್ಲಿ ಬಹುಪಾಲು ತಿರಸ್ಕೃತವಾಗುತ್ತದೆ. ಒಂದು ಮಧ್ಯಮ ಪ್ರಮಾಣದ ಸಂಸ್ಥೆಯು ಹೀಗೆ ಹತ್ತು ವರ್ಷಗಳಲ್ಲಿ ಕೊಟ್ಟ ಹಣವನ್ನು ಕೂಡಿಸಿ ನೋಡಿದರೆ ಅದೇನೂ ಸಣ್ಣ ಮೊತ್ತವಲ್ಲ.

ಇನ್ನೊಂದು ಕಡೆ, ಅದೇ ಊರಿನ ಕೆರೆ ಹೂಳು ತುಂಬಿ ನಿಂತಿರುತ್ತದೆ. ಮಾರುಕಟ್ಟೆಯ ಹಿಂಬದಿಯ ಚರಂಡಿ ಕಟ್ಟಿಕೊಂಡಿರುತ್ತದೆ. ಕೈಗಾರಿಕಾ ವಸಾಹತಿನ ಕೊಳವೆಬಾವಿಗಳು ಮಾರ್ಚ್ ಬರುವಷ್ಟರಲ್ಲಿ ಬತ್ತಿ, ಟ್ಯಾಂಕರ್ ನೀರಿಗೆ ಕೊಡುವ ಹಣ ಉತ್ಪಾದನಾ ವೆಚ್ಚಕ್ಕೆ ಸೇರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದಾಗ ಅದರ ಬಿಸಿ ರೈತರಿಗೆ ಮಾತ್ರ ತಟ್ಟಲಿಲ್ಲ. ಬೆಳೆ ಬಾರದ ಊರಿನಲ್ಲಿ ಬಟ್ಟೆ ಅಂಗಡಿಗೂ ಗಿರಾಕಿ ಇಲ್ಲ, ಅಕ್ಕಿ ಗಿರಣಿಗೂ ಭತ್ತವಿಲ್ಲ. ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯವನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗವು 1987ರಲ್ಲಿ ನಿರೂಪಿಸಿತು. ವರ್ತಕರಿಗೆ ಇದು ಹೊಸ ತತ್ವವೇನಲ್ಲ. ಬಂಡವಾಳವನ್ನು ತಿನ್ನದೆ ಲಾಭದಲ್ಲಿ ಬದುಕಬೇಕೆಂಬ ಪೇಟೆಯ ಹಳೆಯ ಶಿಸ್ತೇ ಇಲ್ಲಿ ನೀರಿಗೂ ಮಣ್ಣಿಗೂ ಅನ್ವಯವಾಗಿದೆ.

ವಂತಿಗೆ ಕೊಡುವ ಕೈ ಮತ್ತು ದುಡಿಯುವ ಕೈ ಎರಡೂ ಒಂದೇ ಊರಿನಲ್ಲಿ ಇರುವಾಗ ಇವನ್ನು ಕೂಡಿಸುವುದು ಹೇಗೆ, ಹಾಗೆ ಕೂಡಿಸುವಾಗ ಲೆಕ್ಕ ಮತ್ತು ಕಾನೂನಿನ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು ಯಾವುವು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಯಾವ ಸಂಘಟನೆ?

ರಾಷ್ಟ್ರೀಯ ಯುವ ನೀತಿ 2014ರ ಪ್ರಕಾರ 15ರಿಂದ 29 ವರ್ಷದವರು ಯುವಜನರು. ಇವರ ಸಂಘಟನೆಗಳು ಊರುಗಳಲ್ಲಿ ಸ್ಥೂಲವಾಗಿ ಮೂರು ಬಗೆಯಲ್ಲಿ ಕಂಡುಬರುತ್ತವೆ. ಮೊದಲನೆಯದು ಯುವಕ ಮಂಡಲ, ಯುವತಿ ಮಂಡಲಗಳು. 1972ರಲ್ಲಿ ಆರಂಭವಾದ ನೆಹರು ಯುವ ಕೇಂದ್ರಗಳ ಪ್ರೋತ್ಸಾಹದಿಂದ ಹಳ್ಳಿಗಳಲ್ಲಿ ಇವು ಹೆಚ್ಚಾಗಿ ಬೆಳೆದವು. ಈಚೆಗೆ, 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರವು 'ಮೇರಾ ಯುವ ಭಾರತ್' ಎಂಬ ವೇದಿಕೆಯನ್ನು ಆರಂಭಿಸಿದೆ. ಎರಡನೆಯದು ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕನು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಜೊತೆಗೆ ಏಳು ದಿನಗಳ ವಿಶೇಷ ಶಿಬಿರವಿರುತ್ತದೆ. ಮೂರನೆಯದು ಯಾವ ನೋಂದಣಿಯೂ ಇಲ್ಲದ ಗೆಳೆಯರ ಬಳಗಗಳು. ಸಂಖ್ಯೆಯಲ್ಲಿ ಇವುಗಳೇ ಹೆಚ್ಚು, ಉತ್ಸಾಹದಲ್ಲಿಯೂ ಇವುಗಳೇ ಮುಂದು, ಆದರೆ ಕಾನೂನಿನ ತೊಡಕು ಹೆಚ್ಚಿರುವುದೂ ಇವುಗಳಲ್ಲಿಯೇ.

ಜನರ ಕೈ ಮತ್ತು ವರ್ತಕರ ಹಣ ಕೂಡಿದರೆ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ, ಹೂಳು ಹಾಗೂ ಜಾಲಿಗಿಡಗಳಿಂದ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರುಗಳಿಗೂ ಹೆಚ್ಚು ಉದ್ದಕ್ಕೆ ಸ್ವಚ್ಛಗೊಳಿಸಲಾಯಿತು. ಯಂತ್ರಗಳ ಬಾಡಿಗೆಗೂ ಇಂಧನಕ್ಕೂ ಹಣ ಬೇಕಿತ್ತು, ದಿನಗಟ್ಟಲೆ ನಿಂತು ದುಡಿಯಲು ಜನ ಬೇಕಿತ್ತು. ಎಲ್ಲ ಊರುಗಳಿಗೂ ಅಂತಹ ನೇತೃತ್ವ ದೊರೆಯದು ಎಂಬ ಮಾತು ನಿಜ. ಮಠದ ಮೇಲಿನ ನಂಬಿಕೆಯೇ ಅಲ್ಲಿ ಲೆಕ್ಕಪರಿಶೋಧನೆಯ ಕೆಲಸ ಮಾಡಿತೆನ್ನಬಹುದು. ಅಂತಹ ನಂಬಿಕೆಯ ಕೇಂದ್ರವಿಲ್ಲದ ಊರಿನಲ್ಲಿ ಅದರ ಜಾಗವನ್ನು ರಸೀದಿ, ಬ್ಯಾಂಕ್ ಖಾತೆ ಮತ್ತು ವಾರ್ಷಿಕ ಲೆಕ್ಕಪತ್ರಗಳೇ ತುಂಬಬೇಕಾಗುತ್ತದೆ.

ಸಂಘದ ಕಾನೂನು ಸ್ಥಿತಿ

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿ 18 ವರ್ಷ ಮೀರಿದ ಏಳು ಅಥವಾ ಹೆಚ್ಚು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ನೋಂದಣಿ ಸುಲಭ; ಅದನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಕಷ್ಟ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪತ್ರಗಳನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಲವು ಯುವಕ ಸಂಘಗಳು ನೋಂದಣಿ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಆನಂತರ ಒಂದು ಕಾಗದವನ್ನೂ ಸಲ್ಲಿಸದೆ ಇರುವುದು ಸಾಮಾನ್ಯ. ಆದ್ದರಿಂದ ಪ್ರಮಾಣಪತ್ರದ ಪ್ರತಿಯನ್ನು ನೋಡಿ ತೃಪ್ತರಾಗದೆ, ಕಳೆದ ವರ್ಷದ ಲೆಕ್ಕಪತ್ರ ಸಲ್ಲಿಸಿದ ಸ್ವೀಕೃತಿಯನ್ನು ಕೇಳುವುದು ವಿಹಿತ.

ನೋಂದಣಿಯಾದ ಮಾತ್ರಕ್ಕೆ ಆದಾಯ ತೆರಿಗೆ ವಿನಾಯಿತಿ ದೊರೆಯುವುದಿಲ್ಲ. ಅದಕ್ಕಾಗಿ ಸಂಘವು ತನ್ನ ಹೆಸರಿನಲ್ಲಿ ಪ್ಯಾನ್ ಪಡೆದು, ದತ್ತಿ ಸಂಸ್ಥೆಯಾಗಿ 12ಎ ನೋಂದಣಿಯನ್ನೂ, ದಾನಿಗಳಿಗೆ ರಿಯಾಯಿತಿ ದೊರೆಯಬೇಕಿದ್ದರೆ 80ಜಿ ಅನುಮೋದನೆಯನ್ನೂ ಪ್ರತ್ಯೇಕವಾಗಿ ಪಡೆಯಬೇಕು. (ಇಲ್ಲಿ ವರ್ತಕರಿಗೆ ಪರಿಚಿತವಾದ 1961ರ ಅಧಿನಿಯಮದ ಕಲಂ ಸಂಖ್ಯೆಗಳನ್ನೇ ಬಳಸಲಾಗಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಲಾದ ಆದಾಯ ತೆರಿಗೆ ಅಧಿನಿಯಮ 2025ರಲ್ಲಿ ಸಂಖ್ಯೆಗಳು ಬದಲಾಗಿದ್ದು, ಅರ್ಜಿ ಹಾಕುವಾಗ ಹೊಸ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.) ಚಟುವಟಿಕೆ ಇನ್ನೂ ಆರಂಭಿಸದ ಸಂಘಕ್ಕೆ ಮೂರು ವರ್ಷಗಳ ತಾತ್ಕಾಲಿಕ ನೋಂದಣಿ ದೊರೆಯುತ್ತದೆ, ಆನಂತರ ಅದನ್ನು ಕಾಯಂ ಪದ್ಧತಿಗೆ ಪರಿವರ್ತಿಸಿಕೊಳ್ಳಬೇಕು.

ಈ ಘಟ್ಟದಲ್ಲಿ ಎರಡು ಅಂಶಗಳು ಯುವಕ ಸಂಘಗಳಿಗೆ ವಿಶೇಷವಾಗಿ ಅಡ್ಡಿಯಾಗುತ್ತವೆ. ಒಂದು, ನಿರ್ದಿಷ್ಟ ಧರ್ಮದ ಅಥವಾ ಜಾತಿಯವರ ಹಿತಕ್ಕೆಂದೇ ಸ್ಥಾಪಿತವಾದ ಸಂಸ್ಥೆಗೆ 80ಜಿ ಅನುಮೋದನೆ ದೊರೆಯುವುದಿಲ್ಲ. ಊರುಗಳಲ್ಲಿರುವ ಎಷ್ಟೋ ಸಂಘಗಳ ಹೆಸರಿನಲ್ಲಿಯೇ ಸಮುದಾಯದ ಉಲ್ಲೇಖವಿರುತ್ತದೆ, ಉದ್ದೇಶ ಪಟ್ಟಿಯಲ್ಲಿಯೂ 'ಸಮಾಜ ಬಾಂಧವರ ಏಳಿಗೆ' ಎಂದಿರುತ್ತದೆ. ಅಂತಹ ಸಂಘದ ಯುವಕರು ಕೆರೆಗೆ ಎಷ್ಟೇ ದುಡಿದರೂ ದಾನಿಗೆ ರಿಯಾಯಿತಿ ಸಿಗದು. ಎರಡು, 80ಜಿ ಅನುಮೋದನೆಯುಳ್ಳ ಸಂಸ್ಥೆಯು ವರ್ಷದ ಒಟ್ಟು ಆದಾಯದ ಶೇಕಡಾ 5ಕ್ಕಿಂತ ಹೆಚ್ಚು ಹಣವನ್ನು ಧಾರ್ಮಿಕ ಸ್ವರೂಪದ ಕಾರ್ಯಕ್ಕೆ ವ್ಯಯಿಸುವಂತಿಲ್ಲ. ಗಣೇಶೋತ್ಸವ ಸಮಿತಿಯೂ ಕೆರೆ ಸಮಿತಿಯೂ ಒಂದೇ ಖಾತೆಯಲ್ಲಿ ನಡೆದರೆ ಪೆಂಡಾಲು ಹಾಗೂ ವಿದ್ಯುದ್ದೀಪದ ಬಿಲ್ಲುಗಳೇ ಅನುಮೋದನೆಗೆ ಕುತ್ತು ತರಬಲ್ಲವು. ಉತ್ಸವ ಬೇಡವೆಂಬುದು ಇದರ ಅರ್ಥವಲ್ಲ. ಉತ್ಸವಕ್ಕೆ ಬೇರೆ ಸಮಿತಿ, ಬೇರೆ ಪುಸ್ತಕ, ಬೇರೆ ಖಾತೆ ಇರಲಿ.

ಉದ್ದೇಶ ಪಟ್ಟಿಯನ್ನು ಬರೆಯುವಾಗ ಇನ್ನೊಂದು ಸೂಕ್ಷ್ಮವಿದೆ. ಕಾನೂನಿನ 'ದತ್ತಿ ಉದ್ದೇಶ'ದ ವ್ಯಾಖ್ಯೆಯಲ್ಲಿ ಜಲಾನಯನ, ಅರಣ್ಯ, ವನ್ಯಜೀವಿ ಸೇರಿದಂತೆ ಪರಿಸರ ಸಂರಕ್ಷಣೆಗೆ ಪ್ರತ್ಯೇಕ ಸ್ಥಾನವಿದೆ. 'ಸಾರ್ವಜನಿಕ ಉಪಯುಕ್ತತೆಯ ಇತರ ಕಾರ್ಯ' ಎಂಬ ಸಾಮಾನ್ಯ ಗುಂಪಿಗೆ ಸೇರಿದ ಸಂಸ್ಥೆಗಳಿಗೆ, ವ್ಯಾಪಾರ ಸ್ವರೂಪದ ಸ್ವೀಕೃತಿಯು ಒಟ್ಟು ಸ್ವೀಕೃತಿಯ ಶೇಕಡಾ 20ನ್ನು ಮೀರಬಾರದೆಂಬ ನಿರ್ಬಂಧವಿದೆ. ಪರಿಸರ ಸಂರಕ್ಷಣೆಯ ಗುಂಪಿಗೆ ಆ ಮಿತಿ ಅನ್ವಯಿಸದು. ಮುಂದೊಂದು ದಿನ ಗೊಬ್ಬರ ಅಥವಾ ಸಸಿಗಳನ್ನು ಮಾರುವ ಯೋಚನೆಯುಳ್ಳ ಸಂಘಕ್ಕೆ ಇದು ಮುಖ್ಯ. ಆದರೂ ಅಂತಹ ಮಾರಾಟವು ಮೂಲ ಉದ್ದೇಶಕ್ಕೆ ಆನುಷಂಗಿಕವಾಗಿಯೇ ಇರಬೇಕು, ಅದರ ಲೆಕ್ಕಪುಸ್ತಕಗಳು ಬೇರೆಯಾಗಿರಬೇಕು.

ನೋಂದಣಿಯಿಲ್ಲದ ಬಳಗಗಳ ಮಾತು ಬೇರೆ. ಸಾಮಾನ್ಯವಾಗಿ ಇವುಗಳ ಹಣ ಯಾರೋ ಒಬ್ಬ ಪದಾಧಿಕಾರಿಯ ಉಳಿತಾಯ ಖಾತೆಗೋ ಮೊಬೈಲಿನ ಯುಪಿಐ ಸಂಖ್ಯೆಗೋ ಸೇರುತ್ತದೆ. ಪ್ರತಿಫಲವಿಲ್ಲದೆ ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದ ಹಣವು ಪಡೆದವರ ಕೈಯಲ್ಲಿ ತೆರಿಗೆಗೆ ಒಳಪಡುವ ಆದಾಯವಾಗಬಹುದೆಂಬುದು ಆ ಯುವಕನಿಗೆ ತಿಳಿದಿರುವುದಿಲ್ಲ. ಊರಿನ ಕೆಲಸಕ್ಕೆಂದು ಎರಡು ಲಕ್ಷ ಸಂಗ್ರಹಿಸಿ ಎಲ್ಲವನ್ನೂ ಕೆರೆಗೇ ಸುರಿದ ಹುಡುಗನಿಗೆ ಎರಡು ವರ್ಷದ ಬಳಿಕ ತೆರಿಗೆ ಇಲಾಖೆಯ ನೋಟೀಸು ಬಂದರೆ, ಮುಂದೆ ಆ ಊರಿನಲ್ಲಿ ಯಾರೂ ಅಂತಹ ಕೆಲಸಕ್ಕೆ ಕೈ ಹಾಕರು. ಇಂತಹ ಬಳಗಕ್ಕೆ ನಗದು ಕೊಡುವ ಬದಲು, ಬೇಕಾದ ಸಾಮಗ್ರಿ ಅಥವಾ ಯಂತ್ರದ ಬಿಲ್ಲನ್ನು ವರ್ತಕರೇ ಮಾರಾಟಗಾರನಿಗೆ ನೇರವಾಗಿ ಪಾವತಿಸುವುದು ಇಬ್ಬರಿಗೂ ಕ್ಷೇಮಕರ.

ಕೊಡುವವರ ಲೆಕ್ಕ

ಒಂದು ಪಾಲುದಾರಿಕೆ ಸಂಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಹೊಂದಾಣಿಕೆಗೊಂಡ ಒಟ್ಟು ಆದಾಯ 12,00,000 ರೂಪಾಯಿ. ಕೆರೆಯ ಕೆಲಸಕ್ಕೆಂದು 1,00,000 ರೂಪಾಯಿ ಕೊಡಲು ಪಾಲುದಾರರು ನಿರ್ಧರಿಸಿದ್ದಾರೆ. ಕೊಡುವ ದಾರಿಗನುಗುಣವಾಗಿ ಸಂಸ್ಥೆಗೆ ತಗಲುವ ನಿಜವಾದ ವೆಚ್ಚ ಎಷ್ಟು ಬದಲಾಗುತ್ತದೆಂಬುದು ಗಮನಾರ್ಹ.

80ಜಿ ಅನುಮೋದನೆಯುಳ್ಳ ಯುವಕ ಸಂಘಕ್ಕೆ ಚೆಕ್ಕಿನ ಮೂಲಕ ಕೊಟ್ಟರೆ, ಆದಾಯದ ಶೇಕಡಾ 10ರ ಮಿತಿಯೊಳಗೆ, ಎಂದರೆ ಇಲ್ಲಿ 1,20,000 ರೂಪಾಯಿಯೊಳಗೆ ಇರುವುದರಿಂದ, ಕೊಟ್ಟ ಮೊತ್ತದ ಅರ್ಧ 50,000 ರೂಪಾಯಿಯನ್ನು ಆದಾಯದಿಂದ ಕಳೆಯಬಹುದು. ಸಂಸ್ಥೆಯ ತೆರಿಗೆ ದರ ಸೆಸ್ ಸೇರಿ ಶೇಕಡಾ 31.2. ಉಳಿತಾಯ 15,600 ರೂಪಾಯಿ, ನಿವ್ವಳ ವೆಚ್ಚ 84,400 ರೂಪಾಯಿ. ಅದೇ ಹಣವನ್ನು ನಗದಾಗಿ ಕೊಟ್ಟರೆ ಉಳಿತಾಯ ಸೊನ್ನೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ 80ಜಿ ಅಡಿ ರಿಯಾಯಿತಿ ಇಲ್ಲ. ಹಣಕ್ಕೆ ಬದಲಾಗಿ ಅಂಗಡಿಯಲ್ಲಿಯೇ ಇರುವ 1,00,000 ರೂಪಾಯಿ ಬೆಲೆಯ ಸಿಮೆಂಟನ್ನು ಕೊಟ್ಟರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ. ವಸ್ತುರೂಪದ ದಾನಕ್ಕೆ 80ಜಿ ಅನ್ವಯಿಸುವುದಿಲ್ಲ. ಅಲ್ಲದೆ ಉಚಿತವಾಗಿ ಕೊಟ್ಟ ಸರಕಿನ ಖರೀದಿಯ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ದರ ಶೇಕಡಾ 18 ಆಗಿರುವುದರಿಂದ ಇದು 18,000 ರೂಪಾಯಿ. ಒಳ್ಳೆಯ ಮನಸ್ಸಿನಿಂದ ಗೋದಾಮಿನಿಂದ ಮೂಟೆ ಇಳಿಸಿಕೊಟ್ಟ ವರ್ತಕನಿಗೆ ತಗಲಿದ್ದು 1,18,000 ರೂಪಾಯಿ. ಜಮೆಯನ್ನು ಹಿಂದಿರುಗಿಸದೆ ಬಿಟ್ಟರೆ ಮುಂದೆ ಬಡ್ಡಿಯೂ ಸೇರುತ್ತದೆ.

ವ್ಯಕ್ತಿಗಳು ಹಾಗೂ ಏಕಮಾಲೀಕತ್ವದ ವ್ಯಾಪಾರಿಗಳು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. 2023-24ನೇ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಪದ್ಧತಿಯಾಗಿದ್ದು, ಅದರಲ್ಲಿ 80ಜಿ ರಿಯಾಯಿತಿ ಇಲ್ಲ. ಶೇಕಡಾ 22ರ ದರವನ್ನು ಆಯ್ದುಕೊಂಡ ಕಂಪನಿಗಳಿಗೂ ಇಲ್ಲ. ಪಾಲುದಾರಿಕೆ ಸಂಸ್ಥೆಗಳಿಗೆ ಅಂತಹ ಪರ್ಯಾಯ ಪದ್ಧತಿ ಇಲ್ಲವಾದ್ದರಿಂದ 80ಜಿ ಪ್ರಯೋಜನ ಉಳಿದಿದೆ. ಮಾಲೀಕರು ವೈಯಕ್ತಿಕ ಖಾತೆಯಿಂದ ಕೊಡುವುದೋ, ಸಂಸ್ಥೆಯ ಖಾತೆಯಿಂದ ಕೊಡುವುದೋ ಎಂಬುದನ್ನು ಚೆಕ್ ಬರೆಯುವ ಮೊದಲೇ ತೀರ್ಮಾನಿಸಬೇಕು. ಮಾರ್ಚ್ ಕೊನೆಯಲ್ಲಿ ಲೆಕ್ಕಪರಿಶೋಧಕರ ಬಳಿ ಬಂದು ಕೇಳಿದರೆ ಪ್ರಯೋಜನವಿಲ್ಲ.

ಇನ್ನು ಮೂರನೆಯ ದಾರಿಯೊಂದಿದೆ. ಖರ್ಚು ದಾನವಾಗಿರದೆ ವ್ಯಾಪಾರದ ಹಿತಕ್ಕಾಗಿಯೇ ಮಾಡಿದ್ದಾಗಿದ್ದರೆ ಅದು ಕಲಂ 37ರ ಅಡಿ ಪೂರ್ಣವಾಗಿ ವ್ಯಾಪಾರ ವೆಚ್ಚವಾಗುತ್ತದೆ. ಶ್ರೀ ವೆಂಕಟ ಸತ್ಯನಾರಾಯಣ ರೈಸ್ ಮಿಲ್ ಕಂಟ್ರ್ಯಾಕ್ಟರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ವ್ಯಾಪಾರದೊಂದಿಗೆ ನೇರ ಸಂಬಂಧವುಳ್ಳ ಸಾರ್ವಜನಿಕ ಕಲ್ಯಾಣ ನಿಧಿಗೆ ಕೊಟ್ಟ ವಂತಿಗೆಯನ್ನು ವ್ಯಾಪಾರ ವೆಚ್ಚವೆಂದು ಒಪ್ಪಿತು. ಮದ್ರಾಸ್ ರಿಫೈನರೀಸ್ ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಸುತ್ತಲಿನ ಜನರಿಗೆ ಕುಡಿಯುವ ನೀರು ಒದಗಿಸಿದ ಖರ್ಚನ್ನು ಒಪ್ಪಿತು. ಕೈಗಾರಿಕಾ ವಸಾಹತಿನ ಘಟಕಗಳು ತಮ್ಮ ಕೊಳವೆಬಾವಿಗಳಿಗೆ ನೀರು ಊಡುವ ಪಕ್ಕದ ಕೆರೆಯ ಹೂಳೆತ್ತಿಸಿದರೆ ಸಂಬಂಧವನ್ನು ತೋರಿಸುವುದು ಕಷ್ಟವಲ್ಲ. ಐವತ್ತು ಕಿಲೋಮೀಟರ್ ದೂರದ, ಪಾಲುದಾರರ ಹುಟ್ಟೂರಿನ ಕೆರೆಯಾದರೆ ಈ ವಾದ ನಿಲ್ಲದು. ಮೇಲಿನ ಉದಾಹರಣೆಯ ಸಂಸ್ಥೆಗೆ ಈ ದಾರಿಯಲ್ಲಿ ಉಳಿತಾಯ 31,200 ರೂಪಾಯಿ. ಆದರೆ ಪಾಲುದಾರರ ನಿರ್ಣಯ, ನೀರಿನ ಬಳಕೆಯ ವಿವರ, ಹಿಂದಿನ ವರ್ಷಗಳ ಟ್ಯಾಂಕರ್ ಬಿಲ್ಲುಗಳು ಕಡತದಲ್ಲಿ ಇರಬೇಕು, ಮತ್ತು ದಿನಕ್ಕೆ ಒಬ್ಬರಿಗೆ 10,000 ರೂಪಾಯಿ ಮೀರಿದ ನಗದು ಪಾವತಿ ಇರಬಾರದು.

ಫಲಕದ ಮೇಲೆ ಏನು ಬರೆಯಬೇಕು?

ಕೆರೆಯ ದಂಡೆಯಲ್ಲಿ ಕಲ್ಲುಬೆಂಚು ಹಾಕಿಸಿದ ಮೇಲೆ ದಾನಿಯ ಹೆಸರು ಬರೆಸುವುದು ವಾಡಿಕೆ. ಅದರಲ್ಲಿಯೂ ತೆರಿಗೆಯ ಪ್ರಶ್ನೆ ಅಡಗಿದೆ. 2019ರ ಅಕ್ಟೋಬರ್ 11ರ ಜಿಎಸ್‌ಟಿ ಸುತ್ತೋಲೆಯ ಪ್ರಕಾರ, ದತ್ತಿ ಸಂಸ್ಥೆಯು ಕೃತಜ್ಞತೆಯ ದ್ಯೋತಕವಾಗಿ ದಾನಿಯ ಹೆಸರನ್ನು ಹಾಕಿದ್ದು, ಅದರಲ್ಲಿ ವ್ಯಾಪಾರದ ಪ್ರಚಾರವಿಲ್ಲದಿದ್ದರೆ ಜಿಎಸ್‌ಟಿ ಇಲ್ಲ. ದಾನಿಯ ಹೆಸರು, ತಂದೆತಾಯಿಗಳ ಸ್ಮರಣಾರ್ಥ ಎಂಬ ಒಕ್ಕಣೆ ಇದ್ದರೆ ಅದು ದಾನ. ಅಂಗಡಿಯ ಹೆಸರು, ದೂರವಾಣಿ ಸಂಖ್ಯೆ, 'ಇಲ್ಲಿ ಎಲ್ಲ ಬಗೆಯ ಪೈಪುಗಳು ದೊರೆಯುತ್ತವೆ' ಎಂಬ ಸಾಲು ಬಂದರೆ ಅದು ಪ್ರಾಯೋಜಕತ್ವ. ಆಗ ಕಂಪನಿಯಲ್ಲದ ಸಂಘದಿಂದ ಆ ಸೇವೆ ಪಡೆದ ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿಯೇ ಹಿಮ್ಮುಖ ಪಾವತಿ ಪದ್ಧತಿಯಲ್ಲಿ ಶೇಕಡಾ 18ರಂತೆ ತೆರಿಗೆ ಕಟ್ಟಬೇಕು.

ಇದನ್ನು ಹೊರೆಯೆಂದೇ ಭಾವಿಸಬೇಕಿಲ್ಲ. ಕಟ್ಟಿದ ತೆರಿಗೆಯನ್ನು ಸಾಮಾನ್ಯವಾಗಿ ಜಮೆಯಾಗಿ ಪಡೆಯಬಹುದು, ಪ್ರಾಯೋಜಕತ್ವದ ಹಣವು ಜಾಹೀರಾತು ವೆಚ್ಚವಾಗಿ ಪೂರ್ಣವಾಗಿ ಕಳೆಯಲ್ಪಡುತ್ತದೆ. ಪ್ರಚಾರ ಬೇಕಿದ್ದವರು ಪ್ರಾಮಾಣಿಕವಾಗಿ ಪ್ರಾಯೋಜಕರಾಗುವುದೇ ಲೇಸು. ಅಡ್ಡಿಯಿರುವುದು ಎರಡನ್ನೂ ಬೆರೆಸುವವರಿಗೆ: 80ಜಿ ರಸೀದಿಯೂ ಬೇಕು, ಬ್ಯಾನರಿನಲ್ಲಿ ಅಂಗಡಿಯ ವಿಳಾಸವೂ ಬೇಕು ಎಂದರೆ ಎರಡೂ ಕಡೆ ಪ್ರಶ್ನೆ ಏಳುತ್ತದೆ.

ಸಿಎಸ್‌ಆರ್ ಯಾರಿಗೆ ಅನ್ವಯ?

ಸಿಎಸ್‌ಆರ್ ಎಂಬ ಪದವನ್ನು ಈಗ ಚಿಲ್ಲರೆ ಅಂಗಡಿಯವರೂ ಬಳಸುತ್ತಾರೆ. ಯುವಕ ಸಂಘದವರಂತೂ ಎಲ್ಲರಲ್ಲಿಯೂ ಅದನ್ನೇ ಕೇಳುತ್ತಾರೆ. ಕಂಪನಿಗಳ ಅಧಿನಿಯಮ 2013ರ ಕಲಂ 135 ಅನ್ವಯಿಸುವುದು ಕಂಪನಿಗಳಿಗೆ ಮಾತ್ರ. ಅದೂ ಹಿಂದಿನ ವರ್ಷದಲ್ಲಿ ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಇವುಗಳಲ್ಲಿ ಒಂದನ್ನಾದರೂ ಮುಟ್ಟಿದವುಗಳಿಗೆ. ಸಣ್ಣ ತಯಾರಕರಲ್ಲಿ ಹೆಚ್ಚಿನವರು ಇದರ ಹೊರಗಿದ್ದಾರೆ. ಆದರೆ ಒಂದು ಒಳ್ಳೆಯ ವರ್ಷದಲ್ಲಿ 5 ಕೋಟಿಯ ಲಾಭ ಮುಟ್ಟುವ ಖಾಸಗಿ ಕಂಪನಿಗಳು ತಿಳಿಯದೆಯೇ ಒಳಗೆ ಬಂದುಬಿಡುತ್ತವೆ. ಹಾಗೆ ಬಂದವರು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ನ್ನು ಖರ್ಚು ಮಾಡಬೇಕು. ಬಾಧ್ಯತೆ 50 ಲಕ್ಷ ರೂಪಾಯಿ ಮೀರದಿದ್ದರೆ ಪ್ರತ್ಯೇಕ ಸಮಿತಿ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ಆ ಕೆಲಸ ಮಾಡಬಹುದು.

ಕಂಪನಿಯು ತಾನು ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು ಅದೇ ಕಲಂ ಹೇಳುತ್ತದೆ. ಊರಿನ ಯುವಕ ಸಂಘಕ್ಕೆ ಇದು ಅನುಕೂಲವೇ. ಆದರೆ ಅನುಷ್ಠಾನ ಸಂಸ್ಥೆಯಾಗಿ ಹಣ ಪಡೆಯಲು ಸಂಘಕ್ಕೆ 12ಎ ಹಾಗೂ 80ಜಿ ನೋಂದಣಿ, ಕನಿಷ್ಠ ಮೂರು ವರ್ಷಗಳ ಕಾರ್ಯಾನುಭವ, 2021ರ ಏಪ್ರಿಲ್ 1ರಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ ಇವೆಲ್ಲವೂ ಬೇಕು. ಇಷ್ಟನ್ನು ಪೂರೈಸಿದ ಯುವಕ ಸಂಘ ಜಿಲ್ಲೆಗೆ ಒಂದೆರಡು ಸಿಕ್ಕರೆ ಹೆಚ್ಚು. ಸಿಕ್ಕದಿದ್ದಲ್ಲಿ ಕಂಪನಿಯೇ ನೇರವಾಗಿ ಕೆಲಸ ಮಾಡಿಸಿ, ಯುವಕರನ್ನು ಸ್ವಯಂಸೇವಕರಾಗಿ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಸಿಎಸ್‌ಆರ್ ಬಾಧ್ಯತೆಗಾಗಿ ಖರೀದಿಸಿದ ಸರಕು ಹಾಗೂ ಸೇವೆಗಳ ಮೇಲಿನ ಜಿಎಸ್‌ಟಿ ಜಮೆಯನ್ನು 2023ರ ಅಕ್ಟೋಬರ್ 1ರಿಂದ ನಿರ್ಬಂಧಿಸಲಾಗಿದೆ ಎಂಬುದನ್ನು ಅಂದಾಜುಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಕಲಂ 37ರ ದಾರಿಯೂ ಇಂತಹ ಕಂಪನಿಯ ಸಿಎಸ್‌ಆರ್ ಖರ್ಚಿಗೆ ಮುಚ್ಚಿದೆ. ಬಾಧ್ಯತೆಯ ಹೊರಗಿರುವ ಸಣ್ಣವರಿಗೆ ಮಾತ್ರ ಅದು ತೆರೆದಿರುವುದು ಒಂದು ಬಗೆಯ ಸೋಜಿಗ.

ಕೆಲಸದ ಸ್ಥಳದಲ್ಲಿ

ಕೆರೆಗೆ ಇಳಿಯುವ ಮೊದಲು ಕೆರೆ ಯಾರದೆಂದು ತಿಳಿಯಬೇಕು. 40 ಹೆಕ್ಟೇರಿನಿಂದ 2,000 ಹೆಕ್ಟೇರಿನವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತವೆ, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಗೆ, ಪಟ್ಟಣದ ಒಳಗಿನವು ನಗರಾಡಳಿತ ಸಂಸ್ಥೆಗೆ. ಲಿಖಿತ ಅನುಮತಿ ಇಲ್ಲದೆ ಯಂತ್ರ ಇಳಿಸಿದರೆ, ಹೂಳಿನ ನೆಪದಲ್ಲಿ ಮಣ್ಣು ಸಾಗಿಸಿದರೆಂಬ ದೂರಿಗೆ ಸಂಘವೂ ದಾನಿಯೂ ಉತ್ತರ ಕೊಡಬೇಕಾದೀತು. ಎತ್ತಿದ ಹೂಳು ಎಲ್ಲಿ ಹೋಗಬೇಕು, ಯಾವ ರೈತರ ಹೊಲಕ್ಕೆ ಹೋಗಬೇಕೆಂಬುದನ್ನು ಅನುಮತಿ ಪತ್ರದಲ್ಲಿಯೇ ಬರೆಸಿಕೊಳ್ಳುವುದು ಒಳ್ಳೆಯದು. ಊರಿನ ಒಳಜಗಳಗಳು ಹುಟ್ಟುವುದು ಇಲ್ಲಿಯೇ.

ನೋಂದಾಯಿತ ಸಂಘವು ಚಾಲಕಸಹಿತ ಯಂತ್ರದ ಗುತ್ತಿಗೆದಾರನಿಗೆ ಒಂದೇ ಬಾರಿ 30,000 ರೂಪಾಯಿ ಅಥವಾ ವರ್ಷದಲ್ಲಿ ಒಟ್ಟು 1,00,000 ರೂಪಾಯಿ ಮೀರಿ ಪಾವತಿಸಿದರೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು. ವ್ಯಕ್ತಿಯಾದರೆ ದರ ಶೇಕಡಾ 1. ಹದಿನೈದು ದಿನ ಯಂತ್ರ ಓಡಿದರೆ ಈ ಮಿತಿ ದಾಟುತ್ತದೆ. ಟ್ಯಾನ್ ಸಂಖ್ಯೆ ಎಂದರೇನೆಂದೇ ಅರಿಯದ ಯುವಕರಿಗೆ ಇದನ್ನು ಹೇಳಿಕೊಡುವವರು ಯಾರು? ವಾಣಿಜ್ಯ ಮಂಡಳಿಯ ಸದಸ್ಯರು ನಿಜವಾಗಿ ನೆರವಾಗಬಹುದಾದ ಜಾಗ ಇದು. ಹಣ ಕೊಡುವ ಸಂಸ್ಥೆಯ ಲೆಕ್ಕಗುಮಾಸ್ತನು ತಿಂಗಳಿಗೆ ಒಂದು ಭಾನುವಾರದ ಅರ್ಧ ದಿನವನ್ನು ಸಂಘದ ಪುಸ್ತಕಗಳಿಗೆ ಕೊಟ್ಟರೆ, ಅದರ ಬೆಲೆ ಹತ್ತು ಸಾವಿರದ ವಂತಿಗೆಗಿಂತ ಹೆಚ್ಚು. ಅವನ ಬಳಿ ಕುಳಿತು ವೋಚರ್ ಬರೆಯಲು ಕಲಿತ ಹುಡುಗ ಅಥವಾ ಹುಡುಗಿ ಮುಂದೆ ಅದೇ ಪೇಟೆಯಲ್ಲಿ ಕೆಲಸಕ್ಕೆ ಸಿಗುವ ಸಾಧ್ಯತೆಯೂ ಇದೆ. ನಂಬಿಕಸ್ಥ ಲೆಕ್ಕಿಗರು ಸಿಗುತ್ತಿಲ್ಲವೆಂದು ಗೊಣಗದ ವರ್ತಕರು ಅಪರೂಪ.

ಹಣವನ್ನು ಒಂದೇ ಕಂತಿನಲ್ಲಿ ಕೊಡಬಾರದು. ಕಟ್ಟಡ ಕಟ್ಟಿಸುವಾಗ ಪಾಯ, ಗೋಡೆ, ಛಾವಣಿಗೆ ತಕ್ಕಂತೆ ಹಣ ಬಿಡುಗಡೆ ಮಾಡುವ ವರ್ತಕರು ವಂತಿಗೆಯ ವಿಷಯದಲ್ಲಿ ಮಾತ್ರ ಆ ಶಿಸ್ತನ್ನು ಮರೆಯುತ್ತಾರೆ. ಅನುಮತಿ ಪತ್ರ ಬಂದಾಗ ಒಂದು ಭಾಗ, ಅರ್ಧ ಕೆಲಸ ಮುಗಿದು ಬಿಲ್ಲುಗಳು ಬಂದಾಗ ಇನ್ನೊಂದು ಭಾಗ, ಮಳೆಗಾಲ ಕಳೆದ ಮೇಲೆ ನೀರು ನಿಂತಿದೆಯೇ, ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದಿವೆ ಎಂದು ನೋಡಿ ಕೊನೆಯ ಭಾಗ. ಜೂನ್ ತಿಂಗಳಲ್ಲಿ ಸಾವಿರ ಸಸಿ ನೆಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಲಭ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೊಡ ಹೊತ್ತು ನೀರು ಹಾಕುವವರಿಗೆ ಕೊಡುವ ಕಂತೇ ಮುಖ್ಯವಾದದ್ದು.

ಪೇಟೆಯ ಕಸದ ವಿಷಯದಲ್ಲಿ ವರ್ತಕರು ದಾನಿಗಳಷ್ಟೇ ಅಲ್ಲ, ಹೊಣೆಗಾರರೂ ಹೌದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಮಾರುಕಟ್ಟೆ ಸಂಘಗಳ ಮೇಲೆ, ಸ್ಥಳೀಯ ಸಂಸ್ಥೆಯೊಡನೆ ಕೂಡಿ ಮೂಲದಲ್ಲಿಯೇ ಕಸ ಬೇರ್ಪಡಿಸುವ ಕರ್ತವ್ಯವನ್ನು ಹೊರಿಸಿದ್ದವು. 2022ರ ಜುಲೈ 1ರಿಂದ ಹಲವು ಬಗೆಯ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳು ದೇಶಾದ್ಯಂತ ನಿಷಿದ್ಧವಾಗಿವೆ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ತನ್ನ 120 ಗಂಟೆಗಳ ಒಂದು ಪಾಲನ್ನು ಒಂದೇ ಬೀದಿಗೆ, ಒಂದೇ ವರ್ಷ ಮೀಸಲಿಟ್ಟರೆ ಅಂಗಡಿಯಿಂದ ಅಂಗಡಿಗೆ ಹೋಗಿ ಎರಡು ಬುಟ್ಟಿಗಳ ಅಭ್ಯಾಸ ಮಾಡಿಸಬಹುದು. ಇಲ್ಲಿ ಹಣದ ಅಗತ್ಯ ಕಡಿಮೆ, ವರ್ತಕರ ಸಹನೆಯ ಅಗತ್ಯ ಹೆಚ್ಚು. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ಬಂದು ಉಪದೇಶ ಮಾಡುವ ಹುಡುಗರನ್ನು ಗದರಿಸಿ ಕಳುಹಿಸಿದರೆ ಅವರು ಮರುವಾರ ಬರುವುದಿಲ್ಲ.

ಸ್ವಯಂಸೇವಕರ ವಯಸ್ಸು ಹಾಗೂ ವಿಮೆಯನ್ನು ಯಾರೂ ಕೇಳುವುದಿಲ್ಲ, ಅಪಘಾತವಾದಾಗ ಎಲ್ಲರೂ ಕೇಳುತ್ತಾರೆ. ಯಂತ್ರ ಓಡುವಲ್ಲಿ, ಆಳ ನೀರಿರುವಲ್ಲಿ 18 ವರ್ಷದೊಳಗಿನವರನ್ನು ಇಳಿಸಬಾರದು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದ ಬ್ಯಾಂಕ್ ಖಾತೆದಾರರಿಗೆ ವರ್ಷಕ್ಕೆ 20 ರೂಪಾಯಿ ಕಂತಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ದೊರೆಯುತ್ತದೆ. ಐವತ್ತು ಯುವಕರಿಗೆ ತಗಲುವುದು 1,000 ರೂಪಾಯಿ. ಕಂತು ಅವರವರ ಖಾತೆಯಿಂದಲೇ ಕಡಿತವಾಗುವುದರಿಂದ, ಕೆಲಸ ಆರಂಭಿಸುವ ದಿನ ಪ್ರತಿಯೊಬ್ಬರ ನೋಂದಣಿಯನ್ನು ಪರಿಶೀಲಿಸಿ ಪಟ್ಟಿ ಮಾಡಿಟ್ಟುಕೊಳ್ಳಬೇಕು.

ಹೂಳೆತ್ತುವ ಕಾಲ ಫೆಬ್ರವರಿಯಿಂದ ಮೇ ತಿಂಗಳವರೆಗೆ. ಅದೇ ವರ್ಷದ ಮಾರ್ಚ್ 31ರೊಳಗೆ 80ಜಿ ಸಂಘಕ್ಕೆ ಚೆಕ್ ಕೊಟ್ಟವರು, ಸಂಘವು ದಾನಿಗಳ ವಿವರಣಪಟ್ಟಿಯನ್ನು ಮೇ 31ರೊಳಗೆ ಸಲ್ಲಿಸಿ ಹಳೆಯ ನಿಯಮಗಳಲ್ಲಿ 10ಬಿಇ ಎಂದು ಕರೆಯಲಾದ ಪ್ರಮಾಣಪತ್ರವನ್ನು ಕೊಟ್ಟಿದೆಯೇ ಎಂದು ಜೂನ್ ಮೊದಲ ವಾರದಲ್ಲಿ ವಿಚಾರಿಸತಕ್ಕದ್ದು. ಕೈಬರಹದ ರಸೀದಿ ಮಾತ್ರ ಇದ್ದರೆ ರಿಯಾಯಿತಿ ದೊರೆಯುವುದಿಲ್ಲ. ಪಟ್ಟಿ ಸಲ್ಲಿಸಲು ತಡಮಾಡಿದ ಸಂಘಕ್ಕೆ ದಿನಕ್ಕೆ 200 ರೂಪಾಯಿಯಂತೆ ಶುಲ್ಕವೂ ಬೀಳುತ್ತದೆ.